ಕೇಪಿನ ಕೋವಿಗೆ ಸ್ಕೋಪ್: ಕೊಳ್ಳುವ ಮುನ್ನ ತಿಳಿಯಬೇಕಾದ್ದು

ನಳಿಗೆಯ ಬಾಯಿಯಿಂದಲೇ ಮದ್ದು, ಗುಂಡು ತುಂಬುವ ಆಯುಧ ಕೇಪಿನ ಕೋವಿ. ನೈಜ ಬೆಳೆ ರಕ್ಷಣೆಗೆ ಇದರ ಪರವಾನಗಿ ನೀಡಲು 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಅವಕಾಶವಿದೆ. ಶೆಟ್ಟಿಕೆರೆಯ ತೆಂಗು ಬೆಳೆಗಾರನಿಗೂ ಅನ್ವಯಿಸುವುದು ಇದೇ ಕಾಯ್ದೆ.

ಜಿಂಕೆ ಬೇಟೆಗೆ ಅನುಮತಿಯಿರುವ ಅಮೆರಿಕದಲ್ಲಿ ಇಂಥ ಕೋವಿಗೆ ಸ್ಕೋಪ್ ಅಳವಡಿಸುವುದುಂಟು. ಆಯ್ಕೆಯಲ್ಲಿ ಗಮನಿಸುವ ಅಂಶಗಳು ಮೂರು. ಹಿನ್ನೊದೆತಕ್ಕೆ ಹುಬ್ಬು ಒಡೆಯದಂತೆ ಕಣ್ಣಿಗೂ ಗಾಜಿಗೂ ಸುಮಾರು 4 ಅಂಗುಲ ಅಂತರ. ಮುಸ್ಸಂಜೆಯಲ್ಲೂ ಸ್ಪಷ್ಟವಾಗಿ ಕಾಣುವ, 3ರಿಂದ 9 ಪಟ್ಟು ಹಿಗ್ಗಿಸುವ ಮಸೂರ. ದೂರ ಸಾಗಿದಂತೆ ಗುಂಡು ಕೆಳಗಿಳಿಯುವುದನ್ನು ಸರಿದೂಗಿಸುವ ಗುರಿಗೆರೆಗಳು.

ಅಲ್ಲಿನ ಬೇಟೆ ಕೋವಿಯ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಗುಂಡು ತಿರುಗುತ್ತ ನೇರ ಸಾಗುತ್ತದೆ. ನಮ್ಮ ನಾಡಕೋವಿಯ ನಳಿಗೆ ಸಾಮಾನ್ಯವಾಗಿ ನುಣುಪು. ಚರೆ ಚದುರುತ್ತದೆ, ಒಂಟಿ ಗುಂಡೂ ದೂರದಲ್ಲಿ ಗುರಿ ತಪ್ಪುತ್ತದೆ. ಸ್ಕೋಪ್‌ಗೆ ಸುರಿದ ಹಣ ವ್ಯರ್ಥ.

ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ನಿಷಿದ್ಧ. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ. ಮೊದಲ ಅನುಸೂಚಿಯಲ್ಲಿರುವ ಕೃಷ್ಣಮೃಗವನ್ನು ಕೊಂದರೆ 3ರಿಂದ 7 ವರ್ಷ ಸೆರೆವಾಸ, ಕನಿಷ್ಠ 25 ಸಾವಿರ ರೂಪಾಯಿ ದಂಡ. ತುಮಕೂರು ಜಿಲ್ಲೆಯಲ್ಲೇ, ಮಧುಗಿರಿ ತಾಲೂಕಿನ ಜಯಮಂಗಲಿಯಲ್ಲಿ 2007ರಿಂದ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಿದೆ. ಅವುಗಳನ್ನು ಹತ್ತಿರದಿಂದ ಕಾಣಲು ದುರ್ಬೀನು ಸಾಕು.