ಕುಮಟಾದಾಗ ಬೆಳೆಯದ ಕುಮಟಾ ಹತ್ತಿ

ಧಾರವಾಡದ ಎರೆಹೊಲದಾಗ ಬೆಳೆದ ಹತ್ತಿಗೆ ಪೇಟೆಯಲ್ಲಿದ್ದ ಹೆಸರು 'ಕುಮಟಾ'. ಕುಮಟಾದಾಗ ಎಲ್ಲಿಯ ಹತ್ತಿ? ಅಲ್ಲಿರೋದು ತೆಂಗು, ಮೀನು, ಮಳೆ. ಮಾಲು ಮುಂಬೈಗೆ ಹಡಗು ಹತ್ತಿದ ಬಂದರದ ಹೆಸರು ಮಾಲಿಗೇ ಅಂಟಿಕೊಂಡಿತು. ಬೆಳೆದ ಊರಿನ ಹೆಸರಿಲ್ಲ. ಬಿಸಿಲಾಗ ಹತ್ತಿ ಬಿಡಿಸಿದ ಹೆಣ್ಣಾಳಿನ ಹೆಸರಂತೂ ಯಾವ ಖಾತೆಯಲ್ಲೂ ಇಲ್ಲ. ನಾವು ಈ ಚರಿತ್ರೆಯನ್ನು ಅಲ್ಲಿಂದಲೇ ಓದಬೇಕು.

ಎರೆಭೂಮಿಗೂ ಕಡಲಿಗೂ ನಡುವೆ ಸಹ್ಯಾದ್ರಿ ನಿಂತಿದೆ. ಅದನ್ನು ದಾಟಿಸುತ್ತಿದ್ದವರು ಹೇರೆತ್ತಿನ ಲಂಬಾಣಿಗಳು. ಇಳಿಯುವಾಗ ಹತ್ತಿ, ದವಸ, ಏರುವಾಗ ಉಪ್ಪು. ಮಳೆಗಾಲ ಬಂತಂದ್ರ ಘಟ್ಟವೂ ಬಂದ್, ಬಂದರವೂ ಬಂದ್.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿತು. ಅಲ್ಲಿನ ದಕ್ಷಿಣದ ಹತ್ತಿ ಎಂದರೆ ಕರಿಯ ಗುಲಾಮರ ಬೆವರು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಲ್ಯಾಂಕಶೈರಿನ ಗಿರಣಿಗಳು ನಿಂತವು, ಅಲ್ಲಿನ ಕೂಲಿಗಳು ಉಪವಾಸ ಬಿದ್ದರು. ಆಗ ಮ್ಯಾಂಚೆಸ್ಟರಿನ ಧಣಿಗಳ ಕಣ್ಣು ಧಾರವಾಡದ ಮೇಲೆ. ನ್ಯೂ ಆರ್ಲಿಯನ್ಸ್ ಬೀಜವನ್ನು 1840ರ ದಶಕದಲ್ಲೇ ಇಲ್ಲಿ ಬಿತ್ತಿಸಿದ್ದರು. 'ಧಾರವಾಡ-ಅಮೆರಿಕನ್' ಎಂಬ ತಳಿ ಹಾಗೆ ಹುಟ್ಟಿತು. ಈಗ ಬೇಕಾದದ್ದು ದಾರಿ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬೈಗೆ ಸೇರಿಸಿದರು. ಕಾರವಾರ ಬಂದರವಾಗಬೇಕು, ಹತ್ತಿ ಇಳಿಯಬೇಕು, ಅಷ್ಟೇ. ಜಿಲ್ಲೆಯ ಜನರನ್ನು ಕೇಳಿದವರಾರು! ಅರಬೈಲು ಘಟ್ಟದಾಗ ರಸ್ತೆ ಕಡಿದರು.

ಹತ್ತಿಯ ಧಾರಣೆ ಮುಗಿಲಿಗೆ ಹೋತು. ಹೊಲ ಇದ್ದವ, ಅದಕ್ಕಿಂತ ಹೆಚ್ಚಾಗಿ ಸಾಲ ಕೊಟ್ಟವ, ರೊಕ್ಕ ಕಂಡ. ಹೊಲವೇ ಇಲ್ಲದ ಹೊಲಗೇರಿಗೆ ಏನು ಬಂತು? 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ಕುಸಿಯಿತು. ಗುಲಾಮಗಿರಿ ಕಾನೂನಿನಿಂದ ಹೋದ ಸುದ್ದಿ ನಮ್ಮ ಜೀತದಾಳಿಗೆ ಯಾರೂ ಹೇಳಲಿಲ್ಲ. ಮುಂದೆ 1876-78ರ ಧಾತು-ಈಶ್ವರ ಬರದಾಗ ಹತ್ತಿ ತಿನ್ನಲಿಕ್ಕೆ ಬರಲಿಲ್ಲ, ಜೋಳ ಕೊಳ್ಳಲಿಕ್ಕೆ ಕೂಲಿ ಇರಲಿಲ್ಲ.

ಕಾರವಾರದ ಕನಸೂ ಅರ್ಧಕ್ಕೇ ನಿಂತಿತು. 1878ರಲ್ಲಿ ಇಂಗ್ಲಿಷರು ಪೋರ್ಚುಗೀಜರೊಡನೆ ಒಪ್ಪಂದ ಮಾಡಿಕೊಂಡರು. 1880ರ ದಶಕದಲ್ಲಿ ರೈಲು ಹುಬ್ಬಳ್ಳಿಯಿಂದ ಕ್ಯಾಸಲ್‌ರಾಕ್ ದಾಟಿ ಗೋವೆಯ ಮರ್ಮಗೋವಾಕ್ಕೆ ಇಳಿಯಿತು. ಹುಬ್ಬಳ್ಳಿಗೆ ರೈಲ್ವೆ ಕಾರ್ಖಾನೆ ಬಂತು. (ಮುಂದೆ 1955ರಲ್ಲಿ ಗೋವೆಯ ತಂಟೆಯಿಂದ ಅದೇ ಗಡಿಯಲ್ಲಿ ರೈಲು ನಿಂತದ್ದು, 1961ರಲ್ಲಿ ಗೋವೆ ಬಿಡುಗಡೆಯಾದದ್ದು ಎಲ್ಲರಿಗೂ ಗೊತ್ತು.)

ರೈಲು ಬಂದ ಮೇಲೆ ಹೇರೆತ್ತು ಯಾರಿಗೆ ಬೇಕು? ಉಪ್ಪಿನ ಮೇಲೆ ಸರಕಾರದ ಕರ, ಅಡವಿಗೆ ಸರಕಾರದ ಬೇಲಿ. ಎತ್ತು-ಕತ್ತೆ ಹೊಡೆದುಕೊಂಡು ಊರೂರು ತಿರುಗಿ ವ್ಯಾಪಾರ ಮಾಡುತ್ತಿದ್ದ ಲಂಬಾಣಿ, ಕೊರಚರ ಕಸುಬು ಮುರಿಯಿತು. ಕಸುಬು ಹೋದ ಅಲೆಮಾರಿಗಳನ್ನು ಕಾಯ್ದೆ 'ಅಪರಾಧಿ ಬುಡಕಟ್ಟು' ಅಂದಿತು. ಹುಟ್ಟಿದ ಕೂಸೂ ಕಳ್ಳ! ಇಪ್ಪತ್ತನೆಯ ಶತಮಾನದಲ್ಲಿ ಹುಬ್ಬಳ್ಳಿಯಲ್ಲೇ ಇಂಥ ಜಾತಿಗಳ ಜನರನ್ನು ತಂತಿಬೇಲಿಯೊಳಗೆ ಕೂಡಿಹಾಕಿ, ಹಾಜರಿ ತಗೊಂಡು, ಹತ್ತಿ ಗಿರಣಿಗೂ ರೈಲ್ವೆ ಕಾರ್ಖಾನೆಗೂ ದುಡಿಯಲು ಕಳಿಸಿದರು. ಕಾಯ್ದೆ 1952ರಲ್ಲಿ ರದ್ದಾಯಿತು. ಆ ಕೇರಿಯನ್ನು ಹುಬ್ಬಳ್ಳಿಯ ಮಂದಿ ಇವತ್ತಿಗೂ 'ಸೆಟ್ಲಮೆಂಟ್' ಅಂತಲೇ ಕರೀತಾರ.