ರಾಗಿ ರೊಟ್ಟಿಯ ಋಣ

ಹೋದ ವರ್ಷ ನಮ್ಮ ಶಾಲೆಯ ಎಂಟನೆಯ ತರಗತಿಯ ಮಕ್ಕಳನ್ನು ಶಿವಗಂಗೆ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆವು. ತ್ಯಾಮಗೊಂಡ್ಲಿನಿಂದ ಶಿವಗಂಗೆ ಏನೂ ದೂರವಲ್ಲ. ಆದರೂ ಮಕ್ಕಳಿಗೆ ಪ್ರವಾಸವೆಂದರೆ ಪ್ರವಾಸವೇ. ಒಳಕಲ್ಲು ತೀರ್ಥ ನೋಡಿಕೊಂಡು ಇಳಿದ ಮೇಲೆ ಬಂಡೆಗಳ ನೆರಳಿನಲ್ಲಿ ಎಲ್ಲರೂ ಬುತ್ತಿ ಬಿಚ್ಚಿದರು. ಚಿತ್ರಾನ್ನ, ಪುಳಿಯೋಗರೆ, ಚಪಾತಿ, ಒಂದಿಬ್ಬರ ಡಬ್ಬಿಯಲ್ಲಿ ನೂಡಲ್ಸ್ ಕೂಡ. ಒಬ್ಬ ಹುಡುಗಿ ಮಾತ್ರ ಸ್ವಲ್ಪ ದೂರ ಹೋಗಿ ನಮಗೆ ಬೆನ್ನು ಮಾಡಿ ಕೂತಿದ್ದಳು. ಮುಚ್ಚಳವನ್ನು ಪೂರ್ತಿ ತೆಗೆಯದೆ, ಸಂದಿಯಲ್ಲಿ ಕೈ ಹಾಕಿ ಚೂರು ಚೂರೇ ಮುರಿದು ಬಾಯಿಗಿಡುತ್ತಿದ್ದಳು. ಡಬ್ಬಿಯಲ್ಲಿ ಏನಿದೆ ಎಂದು ನಾನು ಹತ್ತಿರ ಹೋಗಿ ನೋಡಬೇಕಾಗಿರಲಿಲ್ಲ. ಮುಚ್ಚಳವನ್ನು ಹಾಗೆ ಹಿಡಿಯುವ ವಿದ್ಯೆ ನನಗೂ ಗೊತ್ತು.

1982ರಲ್ಲಿ ನಾನು ಆರನೆಯ ತರಗತಿ. ಪಕ್ಕದ ಹಳ್ಳಿಯಿಂದ ತ್ಯಾಮಗೊಂಡ್ಲಿಗೆ ನಡೆದು ಬರುತ್ತಿದ್ದೆ. ಪೇಟೆಯ ಮಕ್ಕಳ ಡಬ್ಬಿಯಲ್ಲಿ ಬೆಳ್ಳಗಿನ ಅನ್ನ. ನನ್ನದರಲ್ಲಿ ಮಡಚಿಟ್ಟ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಒಂದು ದಿನ ಜತೆಯವಳೊಬ್ಬಳು "ಇದೇನೇ, ಬೆರಣಿ ತಂದಿದೀಯ?" ಎಂದಳು. ಎಲ್ಲರೂ ನಕ್ಕರು. ಸಂಜೆ ಮನೆಗೆ ಹೋದವಳೇ "ನಾಳೆಯಿಂದ ನಂಗೆ ರೊಟ್ಟಿ ಬ್ಯಾಡ ಕಣವ್ವ, ಅನ್ನ ಕಟ್ಟಿಕೊಡು" ಎಂದು ಅತ್ತುಬಿಟ್ಟೆ. ಅವ್ವ ಏನೂ ಹೇಳಲಿಲ್ಲ. ಮಾರನೆಯ ದಿನದಿಂದ ಡಬ್ಬಿಯಲ್ಲಿ ಅನ್ನ ಬಂತು. ಅದು ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ.

ಆಗಿನ ರೊಟ್ಟಿ ಶುರುವಾಗುತ್ತಿದ್ದುದು ಹೊಲದಲ್ಲಿ. ಮಳೆ ನೋಡಿಕೊಂಡು ರಾಗಿ ಬಿತ್ತಿ, ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದರು. ರೊಟ್ಟಿ, ಸಾರು, ಚಟ್ನಿ ಮೂರೂ ಒಂದೇ ಹೊಲದಿಂದ ಬರುತ್ತಿದ್ದವು. ಕೊಯ್ದ ತೆನೆ ಮೆದೆಯಾಗಿ, ಕಣದಲ್ಲಿ ರೋಣಗಲ್ಲು ಉರುಳಿ, ತೂರಿ, ಕಾಳಾಗಿ ಮನೆ ಸೇರಬೇಕು. ಹೆಚ್ಚಾದದ್ದನ್ನು ನೆಲದೊಳಗಿನ ಹಗೇವಿಗೆ ಸುರಿದು ಬಾಯಿ ಮುಚ್ಚುತ್ತಿದ್ದರು. ರಾಗಿ ಬಲು ಚಿಕ್ಕ ಕಾಳು, ಹುಳ ಹತ್ತುವುದು ಕಡಿಮೆ, ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ.

ಊರಿಗೆ ಹಿಟ್ಟಿನ ಮಿಷನ್ ಬರುವ ಮೊದಲು ಬೀಸುವ ಕಲ್ಲೇ ಗತಿ. ನಮ್ಮಜ್ಜಿಯ ಕಾಲದ ಹೆಂಗಸರು ಕೋಳಿ ಕೂಗುವ ಮೊದಲೇ ಎದ್ದು, ಎದುರುಬದುರು ಕೂತು, ಗೂಟ ಹಿಡಿದು ಬೀಸುತ್ತಿದ್ದರು. ಹಾಗೆ ಬೀಸುತ್ತ ಕುಟ್ಟುತ್ತ ಹೆಂಗಸರು ಹೇಳುತ್ತಿದ್ದ ಪದಗಳನ್ನು ಉತ್ತರ ಕರ್ನಾಟಕದಲ್ಲಿ ಹಲಸಂಗಿಯ ಗೆಳೆಯರು ಕೂಡಿಸಿ, 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಹಾಡು ಪುಸ್ತಕಕ್ಕೆ ಬಂತು. ಎಷ್ಟು ಹಿಟ್ಟು ಬೀಸಿದರು, ಅದರಲ್ಲಿ ತಮಗೆಷ್ಟು ಉಳಿಸಿಕೊಂಡರು ಎಂಬ ಲೆಕ್ಕವನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಹಿಟ್ಟಾದ ಮೇಲಾದರೂ ಸುಲಭವೇ? ಗೋಧಿ ಹಿಟ್ಟಿನಲ್ಲಿ ಜಿಗುಟಿದೆ, ನಾದಿದರೆ ಎಳೆದ ಕಡೆಗೆ ಬರುತ್ತದೆ. ರಾಗಿಗೆ ಆ ಜಿಗುಟಿಲ್ಲ. ಅದಕ್ಕೇ ಉಪ್ಪು ಹಾಕಿದ ನೀರು ಕುದಿಸಿ, ಹಿಟ್ಟು ಸುರಿದು ಉಕ್ಕರಿಸಬೇಕು. ಬಿಸಿಗೆ ಹಿಟ್ಟು ಗಂಜಿಯಂತಾಗಿ ಅಂಟು ಹುಟ್ಟುತ್ತದೆ. ಆರುವ ಮೊದಲೇ ಕೈಗೆ ತಣ್ಣೀರು ಮುಟ್ಟಿಸಿಕೊಂಡು ನಾದಬೇಕು, ಆರಿದರೆ ಅಂಚು ಬಿರಿಯುತ್ತದೆ. ಬಾಳೆ ಎಲೆಯ ಮೇಲೆ ತಟ್ಟಿ, ಎಲೆ ಸಮೇತ ಕಾದ ಹೆಂಚಿಗೆ ಕವುಚಿ, ಎಲೆ ಬಿಡಿಸಿ, ಮೇಲೆ ನೀರು ಸವರಿ ತಿರುವಿ ಹಾಕಿ, ಕೊನೆಗೆ ಕೆಂಡಕ್ಕೆ ಒರಗಿಸಿದರೆ ಉಬ್ಬುತ್ತದೆ. ಬೆರಳು ಸುಟ್ಟುಕೊಳ್ಳದೆ ಇದನ್ನು ಕಲಿತವರನ್ನು ನಾನು ಕಂಡಿಲ್ಲ.

ಇಷ್ಟು ಕಷ್ಟದ ಅಡುಗೆಗೆ ಮರ್ಯಾದೆ ಯಾಕಿರಲಿಲ್ಲ? ಟೀಚರಾದ ಮೇಲೆ ಪಾಠಕ್ಕೆಂದು ಅದೂ ಇದೂ ಓದುವಾಗ ಉತ್ತರ ಸ್ವಲ್ಪ ಸ್ವಲ್ಪವೇ ಸಿಕ್ಕಿತು.

ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಸೀಮೆ ಎಂದರೆ ನಂಬುತ್ತೀರಾ? ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಬಂದದ್ದು ನಮ್ಮ ಕೆಂಪು ಮಣ್ಣಿಗೆ ಎಷ್ಟು ಹೊಂದಿಕೊಂಡಿತೆಂದರೆ, 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಬೆಳೆ ಬೇಸಾಯ ಬರೆದಿಟ್ಟುಕೊಂಡ ಫ್ರಾನ್ಸಿಸ್ ಬುಕನನ್, ಬೆಂಗಳೂರಿನ ಸುತ್ತಿನ ಒಣ ಭೂಮಿಯಲ್ಲಿ ರಾಗಿಯೇ ಮುಖ್ಯ ಬೆಳೆಯೆಂದು ಕಂಡ. ಭತ್ತಕ್ಕೆ ಕೆರೆ ನೀರಿನ ಗದ್ದೆ ಬೇಕು. ಗದ್ದೆಯಿದ್ದವರು ಕಡಿಮೆ, ಹೊಲದವರು ಹೆಚ್ಚು. ಅನ್ನ ಹೀಗೆ ಉಳ್ಳವರ ಊಟವಾಯಿತು, ರಾಗಿ ದುಡಿಯುವವರ ಊಟವಾಯಿತು. ನಮ್ಮಂಥ ಮನೆಗಳಲ್ಲಿ ಅನ್ನವೆಂದರೆ ಹಬ್ಬಕ್ಕೆ, ನೆಂಟರಿಗೆ, ಕಾಯಿಲೆಗೆ. ಮಾಡಿದ ದಿನವೂ ಮೊದಲು ತಾತನ ತಟ್ಟೆಗೆ, ಆಮೇಲೆ ಗಂಡಸರಿಗೆ. ಹೆಂಗಸರ ಸರದಿ ಬರುವಾಗ ಮಡಕೆಯಲ್ಲಿ ತಿಳಿ ಉಳಿದಿರುತ್ತಿತ್ತು.

ಈ ಮೇಲುಕೀಳನ್ನು 16ನೆಯ ಶತಮಾನದಲ್ಲೇ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಕಟಕಟೆಗೆ ತಂದಿದ್ದಾರೆ. ಅಕ್ಕಿಗೂ ರಾಗಿಗೂ ಯಾರು ಹೆಚ್ಚೆಂದು ಜಗಳ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅಕ್ಕಿ ಸೊರಗುತ್ತದೆ, ರಾಗಿ ಇದ್ದ ಹಾಗೇ ಹೊರಬರುತ್ತದೆ. ರಾಘವ ಮೆಚ್ಚಿ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಹಗೇವಿನ ರಾಗಿ ಕಂಡವರಿಗೆ ಈ ಕಥೆಯ ತೀರ್ಪು ಕೂಡಲೇ ಅರ್ಥವಾಗುತ್ತದೆ.

ನಿಜವಾದ ಸೆರೆವಾಸವೂ ಬಂತು. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದೊಳಕ್ಕೆ ಇಳಿದಿತ್ತು. ಹಗೇವಿನಲ್ಲಿ ಹಳೆಯ ರಾಗಿ ಇದ್ದ ಮನೆಗಳಲ್ಲಿ ಒಂದಿಷ್ಟು ಜನ ಉಳಿದರು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಅವರು ತಮ್ಮ ಅಜ್ಜಿಯ ಬಾಯಿಂದ ಕೇಳಿದ್ದು. ನಾನಿಲ್ಲಿ ಕೂತು ಬರೆಯುತ್ತಿರುವುದೂ ಆ ಒಂದು ಹಗೇವಿನಿಂದ ಇರಬಹುದು.

ಆಮೇಲೆ 1965–66ರ ಬರಗಾಲದಲ್ಲಿ ಹಡಗಿನ ತುಂಬ ಅಮೆರಿಕದ ಗೋಧಿ ಬಂತು. ನಾನು ಪ್ರೈಮರಿಯಲ್ಲಿದ್ದಾಗ ಶಾಲೆಯಲ್ಲಿ ಕೊಡುತ್ತಿದ್ದುದು ಕೇರ್ ಸಂಸ್ಥೆಯ ಗೋಧಿ ನುಚ್ಚಿನ ಉಪ್ಪಿಟ್ಟು. ಶನಿವಾರದ ಒಪ್ಪತ್ತಿಗೆ ಮಾತ್ರ ಇದ್ದ ಚಪಾತಿ ನಿಧಾನವಾಗಿ ದಿನದ ಊಟವಾಯಿತು, ನಾಗರಿಕತೆಯ ಗುರುತೂ ಆಯಿತು. ಅದೇ ಕಾಲದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ, 1970ರ ದಶಕದಲ್ಲಿ ಇಂಡಾಫ್ ತಳಿಗಳನ್ನು ರೈತರ ಕೈಗಿಟ್ಟರು. ರಾಗಿಯ ಕೈ ಹಿಡಿಯಲು ತವರಿನವರೇ ಬಂದಂತಾಯಿತು. ಇಳುವರಿ ಹೆಚ್ಚಿತು. ಮರ್ಯಾದೆ ಹೆಚ್ಚಲಿಲ್ಲ.

ನಾನೂ ಆ ಗಾಳಿಯಲ್ಲೇ ಬೆಳೆದವಳು. ಬಿ.ಎ., ಬಿ.ಎಡ್. ಮುಗಿಸಿ, ಕೆಲಸ ಸಿಕ್ಕಿ, ಮದುವೆಯಾದ ಮೇಲೆ ನನ್ನ ಮಕ್ಕಳ ಡಬ್ಬಿಗೆ ಚಪಾತಿ, ಬ್ರೆಡ್ಡು. ಅವ್ವ ಬಂದಾಗ "ಒಂದು ರೊಟ್ಟಿ ತಟ್ಟಲೇನೇ?" ಎಂದರೆ, "ಯಾರು ತಿಂತಾರೆ ಬಿಡವ್ವ" ಎನ್ನುತ್ತಿದ್ದೆ.

ಅವ್ವ 2009ರಲ್ಲಿ ತೀರಿಕೊಂಡಳು. ಕಾರ್ಯ ಮುಗಿದ ರಾತ್ರಿ ಚಿಕ್ಕಮ್ಮ ಪಾತ್ರೆ ಒರೆಸುತ್ತ, ಮಾತಿಗೆ ಮಾತು ಬಂದು, "ನಿನ್ನ ಅನ್ನದ ಡಬ್ಬಿಗೆ ನಿಮ್ಮವ್ವ ಪಟ್ಟ ಪಾಡು ನಂಗೊಬ್ಬಳಿಗೇ ಗೊತ್ತು ಕಣೆ" ಎಂದರು. ಮನೆಯ ರಾಗಿ ಮುಟ್ಟಿದರೆ ಅಪ್ಪ ಕೇಳುತ್ತಾರೆಂದು, ಅವ್ವ ನಮ್ಮ ಹೊಲದ ಕೆಲಸ ಮುಗಿಸಿ ಬೇರೆಯವರ ಹೊಲಕ್ಕೆ ಕಳೆಗೆ, ಕೊಯ್ಲಿಗೆ ಹೋಗುತ್ತಿದ್ದಳಂತೆ. ಕೂಲಿಗೆ ಬಂದ ರಾಗಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಸಂತೆಯ ದಿನ ತ್ಯಾಮಗೊಂಡ್ಲಿನ ಮಂಡಿಗೆ. ಎರಡು ಸೇರು ರಾಗಿಗೆ ಒಂದು ಸೇರು ಅಕ್ಕಿ. ಅದು ನನ್ನ ಒಬ್ಬಳ ಡಬ್ಬಿಗೆ. ಎರಡು ವರ್ಷ ಹೀಗೆ ನಡೆಯಿತಂತೆ. ಅಷ್ಟು ದಿನವೂ ಅವಳು ಹೊಲಕ್ಕೆ ಕಟ್ಟಿಕೊಂಡು ಹೋಗುತ್ತಿದ್ದುದು ನಾನು ಬೇಡವೆಂದ ರೊಟ್ಟಿಯನ್ನೇ.

ಅವತ್ತು ನಾನು ಅಳಲಿಲ್ಲ. ಮರುದಿನ ಬೆಳಿಗ್ಗೆ ಚಿಕ್ಕಮ್ಮನ ಪಕ್ಕ ಒಲೆಯ ಮುಂದೆ ಕೂತು "ರೊಟ್ಟಿ ತಟ್ಟೋದು ಹೇಳಿಕೊಡಿ" ಎಂದೆ. ಮೊದಲನೆಯದು ಎಲೆ ಬಿಟ್ಟು ಬರಲಿಲ್ಲ. ಎರಡನೆಯದು ಭೂಪಟದಂತೆ ಬಿರಿಯಿತು. ಮೂರನೆಯದು ಕೆಂಡದ ಮೇಲೆ ಒಂದು ಮೂಲೆ ಉಬ್ಬಿದಾಗ ಅಳು ತಡೆಯಲಾಗಲಿಲ್ಲ. ಹೊಗೆ ಎಂದು ಕಣ್ಣೊರೆಸಿಕೊಂಡೆ.

ಈಗ ರಾಗಿಗೆ ಒಳ್ಳೆಯ ಕಾಲ. 2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. 2024ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರಿ ಶಾಲೆಗಳ ಹಾಲಿನ ಜತೆಗೆ ರಾಗಿ ಮಾಲ್ಟ್ ಬಂತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂದು ಪಾಲಿಷ್ ಅಕ್ಕಿ ತಿಂದು ಬೆಳೆದವರೂ ಹೇಳುತ್ತಾರೆ. ಸಂತೋಷವೇ. ಆದರೆ ಪೊಟ್ಟಣದ ರಾಗಿಗೆ ಬಂದ ಮರ್ಯಾದೆ ಹಳ್ಳಿಯ ಒಲೆಯ ರೊಟ್ಟಿಯವರೆಗೆ ಇನ್ನೂ ನಡೆದು ಬಂದಿಲ್ಲ. ಬಂದಿದ್ದರೆ ಶಿವಗಂಗೆಯ ಬಂಡೆಯ ಹಿಂದೆ ಆ ಹುಡುಗಿ ಹಾಗೆ ಕೂರುತ್ತಿರಲಿಲ್ಲ.

ನನ್ನ ಚಪಾತಿ ಡಬ್ಬಿ ಹಿಡಿದುಕೊಂಡು ಅವಳ ಪಕ್ಕ ಹೋಗಿ ಕೂತೆ. ಅವಳು ತಟ್ಟನೆ ಮುಚ್ಚಳ ಒತ್ತಿದಳು. "ನಂಗೊಂದು ಚೂರು ಕೊಡ್ತೀಯೇನಮ್ಮ?" ಎಂದೆ. ನಂಬಿಕೆಯಿಲ್ಲದೆ ನನ್ನ ಮುಖ ನೋಡಿದಳು. ಆಮೇಲೆ ಅರ್ಧ ರೊಟ್ಟಿ ಮುರಿದು, ಚಟ್ನಿ ಇಟ್ಟು ಕೊಟ್ಟಳು. ಹುಚ್ಚೆಳ್ಳಿನದೇ. ಅಂಚು ಎಲ್ಲೂ ಬಿರಿದಿರಲಿಲ್ಲ. ಚಿಕ್ಕಂದಿನಲ್ಲಿ ಯಾರೂ ನನ್ನನ್ನು ಕೇಳದ, ನಾನೂ ಅವ್ವನನ್ನು ಕೇಳದ ಮಾತನ್ನು ಅವಳನ್ನು ಕೇಳಿದೆ.

"ಇದನ್ನು ಮಾಡೋಕೆ ನಿಮ್ಮಮ್ಮ ಎಷ್ಟೊತ್ತಿಗೆ ಎದ್ದಿದ್ರು?"

"ನಾಲ್ಕು ಗಂಟೆಗೆ ಮಿಸ್" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಡಬ್ಬಿಯ ಮುಚ್ಚಳ ತೆಗೆದು ಪಕ್ಕದ ಬಂಡೆಯ ಮೇಲಿಟ್ಟಳು.