ನಿದ್ರೆಯನ್ನು ಗೆಲ್ಲಹೊರಟ ಗುಳಿಗೆ

ಬರ್ಲಿನ್ ನಗರದ ಉತ್ತರಕ್ಕಿರುವ ಸಾಕ್ಸೆನ್‌ಹೌಸೆನ್ ಯಾತನಾ ಶಿಬಿರದ ಮೈದಾನದಲ್ಲಿ ಸುಮಾರು 700 ಮೀಟರ್ ಉದ್ದದ ವಿಚಿತ್ರ ಹಾದಿಯೊಂದಿತ್ತು. ಒಂದಷ್ಟು ದೂರ ಕಾಂಕ್ರೀಟು, ಒಂದಷ್ಟು ದೂರ ಮರಳು, ಮುಂದೆ ಜಲ್ಲಿ. ಚರ್ಮದ ಅಭಾವವಿದ್ದ ಯುದ್ಧಕಾಲದ ಜರ್ಮನಿಯಲ್ಲಿ ಬದಲಿ ಬೂಟುಗಳ ಅಟ್ಟೆ ಎಷ್ಟು ದಿನ ಬಾಳೀತೆಂದು ತಿಳಿಯಲು ಕೈದಿಗಳನ್ನು ಅಲ್ಲಿ ದಿನವಿಡೀ ನಡೆಸುತ್ತಿದ್ದರು. 1944ರ ನವೆಂಬರ್‌ನಲ್ಲಿ ಅದೇ ಹಾದಿಯಲ್ಲಿ ಪರೀಕ್ಷೆಗೊಳಗಾದುದು ಮನುಷ್ಯರ ಮೆದುಳು.

ಒಬ್ಬಿಬ್ಬರೇ ಕೂರಬಲ್ಲ ಪುಟ್ಟ ಜಲಾಂತರ್ಗಾಮಿಗಳಲ್ಲಿ ದಿನಗಟ್ಟಲೆ ನಿದ್ರೆಯಿಲ್ಲದೆ ಹೋರಾಡುವ ನಾವಿಕರು ಜರ್ಮನ್ ನೌಕಾಪಡೆಗೆ ಬೇಕಾಗಿದ್ದರು. ಅದಕ್ಕೊಂದು ಔಷಧ ಬೇಕೆಂದು ಕೇಳಿದವನು ವೈಸ್ ಅಡ್ಮಿರಲ್ ಹೆಲ್ಮುತ್ ಹೈಯೆ. ಕೀಲ್ ನಗರದ ಔಷಧ ವಿಜ್ಞಾನಿ ಗೆರ್‌ಹಾರ್ಡ್ ಒರ್ಝೆಖೋವ್‌ಸ್ಕಿ ಸಿದ್ಧಪಡಿಸಿದ ಮಿಶ್ರಣದ ಹೆಸರು ‘ಡಿ-9’. ಒಂದು ಗುಳಿಗೆಯಲ್ಲಿ 5 ಮಿಲಿಗ್ರಾಂ ಕೊಕೇನ್, 3 ಮಿಲಿಗ್ರಾಂ ಮೆಥಾಂಫೆಟಮಿನ್, 5 ಮಿಲಿಗ್ರಾಂ ಆಕ್ಸಿಕೊಡೋನ್. ಮೊದಲೆರಡು ಉತ್ತೇಜಕಗಳು; ಮೂರನೆಯದು ಅಫೀಮಿನ ಕುಲಕ್ಕೆ ಸೇರಿದ, ಮಂಪರು ತರಿಸುವ ನೋವುನಿವಾರಕ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಜೋಡಿ!

ಮೆಥಾಂಫೆಟಮಿನ್ ಆಗ ಹೊಸದೇನೂ ಅಲ್ಲ. ಜಪಾನಿನ ನಾಗಾಯಿ ನಾಗಾಯೋಷಿ ಅದನ್ನು 1893ರಲ್ಲೇ ತಯಾರಿಸಿದ್ದರು. 1938ರಲ್ಲಿ ಜರ್ಮನಿಯ ಟೆಮ್ಲರ್ ಕಂಪನಿ ಅದನ್ನು ‘ಪೆರ್ವಿಟಿನ್’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 1940ರ ಏಪ್ರಿಲ್‌ನಿಂದ ಜುಲೈವರೆಗೆ ಪೆರ್ವಿಟಿನ್ ಹಾಗೂ ಅದರದೇ ಇನ್ನೊಂದು ರೂಪದ ಮೂರೂವರೆ ಕೋಟಿಗೂ ಹೆಚ್ಚು ಗುಳಿಗೆಗಳು ಸೇನೆ ಮತ್ತು ವಾಯುಪಡೆಗೆ ಹೋದವು. ಮುಂದೆ ನೊಬೆಲ್ ಪಡೆದ ಸಾಹಿತಿ ಹೈನ್ರಿಶ್ ಬೋಲ್ ಸೈನಿಕರಾಗಿದ್ದಾಗ ಮನೆಗೆ ಬರೆದ ಪತ್ರಗಳಲ್ಲಿ ಈ ಗುಳಿಗೆ ಕಳುಹಿಸಿರೆಂದು ಕೇಳಿಕೊಂಡಿದ್ದರು. 1941ರಲ್ಲಿ ಸರ್ಕಾರ ಇದನ್ನು ಅಫೀಮು ಕಾಯಿದೆಯ ವ್ಯಾಪ್ತಿಗೆ ತಂದರೂ ಸೇನೆಯಲ್ಲಿ ಬಳಕೆ ನಿಲ್ಲಲಿಲ್ಲ.

ಇದು ಮೆದುಳಿನಲ್ಲಿ ಮಾಡುವುದಾದರೂ ಏನು? ನರಕೋಶಗಳು ಡೋಪಮೈನ್, ನಾರ್‌ಅಡ್ರಿನಲಿನ್ ಮುಂತಾದ ರಾಸಾಯನಿಕಗಳನ್ನು ಪುಟ್ಟ ಚೀಲಗಳಲ್ಲಿ ಕೂಡಿಟ್ಟು, ಬೇಕಾದಾಗ ಅಳತೆಯಲ್ಲಿ ಹೊರಬಿಡುತ್ತವೆ. ಕೆಲಸ ಮುಗಿದ ಮೇಲೆ ಮರಳಿ ಹೀರಿಕೊಳ್ಳುತ್ತವೆ. ಮೆಥಾಂಫೆಟಮಿನ್ ಒಳನುಗ್ಗಿ ಆ ಚೀಲಗಳು ಸೋರುವಂತೆ ಮಾಡುತ್ತದೆ; ಒಳಕ್ಕೆ ಹೀರಬೇಕಾದ ಬಾಗಿಲನ್ನೇ ಹೊರಕ್ಕೆ ಸುರಿಯುವ ತೂಬಾಗಿಸುತ್ತದೆ. ಕೊಕೇನ್ ಆ ಬಾಗಿಲನ್ನು ಮುಚ್ಚುತ್ತದೆ. ಹೀಗೆ ಹಸಿವು, ಆಯಾಸಗಳ ಅರಿವು ಅಡಗಿ, ಅಪಾರ ಶಕ್ತಿ ಬಂದಂತೆ ತೋರುತ್ತದೆ. ದೇಹ ದಣಿದೇ ಇರುತ್ತದೆ. ಆ ಸುದ್ದಿ ಮಾತ್ರ ಒಡೆಯನಿಗೆ ಮುಟ್ಟುವುದಿಲ್ಲ. ದಾಸ್ತಾನು ಬರಿದಾದೊಡನೆ ಕುಸಿತ. ಅತಿಯಾದರೆ ಭ್ರಮೆ, ವಿಪರೀತ ಸಂಶಯ. ಬಹುಕಾಲ ಬಳಸಿದರೆ ನರತುದಿಗಳಿಗೇ ಹಾನಿ. ಆದರೆ 1944ರಲ್ಲಿ ಈ ವಿವರಣೆ ಯಾರ ಬಳಿಯೂ ಇರಲಿಲ್ಲ. ಡೋಪಮೈನ್ ಮೆದುಳಿನ ಸಂದೇಶವಾಹಕವೆಂದು ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ತೋರಿಸಿಕೊಟ್ಟದ್ದು 1950ರ ದಶಕದ ಕೊನೆಯಲ್ಲಿ.

ಸಾಕ್ಸೆನ್‌ಹೌಸೆನ್‌ನಲ್ಲಿ ಔಷಧ ನುಂಗಿದ ಕೈದಿಗಳು ಬೆನ್ನಮೇಲೆ 20 ಕಿಲೋ ಭಾರ ಹೊತ್ತು ಹಗಲಿರುಳು ಸುತ್ತಿದರು. ಅದೇ ಶಿಬಿರದಲ್ಲಿ ಬಂದಿಯಾಗಿದ್ದ ನಾರ್ವೆಯ ಓಡ್ ನಾನ್ಸೆನ್, ಧ್ರುವಯಾತ್ರಿ ಫ್ರಿಟ್‌ಯೋಫ್ ನಾನ್ಸೆನ್‌ರ ಮಗ, ಗುಟ್ಟಾಗಿ ದಿನಚರಿ ಬರೆಯುತ್ತಿದ್ದರು. ಈ ‘ಗುಳಿಗೆ ಪಡೆ’ ಮೊದಮೊದಲು ಹಾಡುತ್ತ, ಸಿಳ್ಳೆ ಹಾಕುತ್ತ ನಡೆಯಿತೆಂದೂ, ಒಂದು ಹಗಲು ಒಂದು ರಾತ್ರಿ ಕಳೆಯುವುದರೊಳಗೆ ಬಹುತೇಕರು ಕುಸಿದುಬಿದ್ದರೆಂದೂ ಅವರು ದಾಖಲಿಸಿದ್ದಾರೆ. ಪ್ರಯೋಗ ನಡೆಸಿದವರಿಗೆ ಮಾತ್ರ, ಇಷ್ಟು ಕಡಿಮೆ ನಿದ್ರೆಯಲ್ಲಿ ಇಷ್ಟು ದೂರ ನಡೆಸಬಹುದಲ್ಲ ಎಂಬುದೇ ದೊಡ್ಡ ಫಲಿತಾಂಶವಾಗಿತ್ತು.

ಗುಳಿಗೆ ದೊಡ್ಡ ಪ್ರಮಾಣದಲ್ಲಿ ತಯಾರಾಗುವ ಮೊದಲೇ, 1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ಹೈಯೆ ಮುಂದೆ ಪಶ್ಚಿಮ ಜರ್ಮನಿಯ ಸಂಸತ್ ಸದಸ್ಯನಾದ. 1961ರಿಂದ 1964ರವರೆಗೆ, ಸೈನಿಕರ ಮೂಲಭೂತ ಹಕ್ಕುಗಳನ್ನು ಕಾಯಲೆಂದೇ ಸಂಸತ್ತು ನೇಮಿಸುವ ಆಯುಕ್ತನ ಹುದ್ದೆಯಲ್ಲಿದ್ದ.